ವೆನಿಸ್ಸಿಗೆ ಹೊರಟ ಮಂಡಿಗಳು

ದೋಣಿಗಳ ಊರು, ಕೂತಲ್ಲೇ ಎಲ್ಲ ನೋಡಿಬಿಡಬಹುದು ಎಂದುಕೊಂಡು ವೆನಿಸ್ಸಿಗೆ ಬರುವ ಅರವತ್ತು ದಾಟಿದವರಿಗೆ ಮೊದಲ ಸೇತುವೆಯಲ್ಲೇ ಜ್ಞಾನೋದಯ. ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳನ್ನು ನಾನೂರಕ್ಕೂ ಹೆಚ್ಚು ಸೇತುವೆಗಳು ಹೊಲಿದು ಹಿಡಿದಿವೆ. ಅಡಿಯಲ್ಲಿ ದೋಣಿ ನುಸುಳಬೇಕಲ್ಲ, ಅದಕ್ಕೇ ಬಹುತೇಕ ಎಲ್ಲವೂ ಗೂನುಬೆನ್ನಿನವು. ಕಾರಿಲ್ಲ, ಆಟೊ ಇಲ್ಲ. ಸೂಟ್‌ಕೇಸಿನ ಚಕ್ರಗಳು ಮೆಟ್ಟಿಲ ಮುಂದೆ ಬರೀ ಒಡವೆ. ಹತ್ತಿ, ಇಳಿದು, ತಿರುವು ದಾಟಿದರೆ ಮತ್ತೊಂದು ಸೇತುವೆ. “ಇನ್ನೊಂದಾ ರೀ?” ಎನ್ನುವ ಹೆಂಡತಿಗೆ ಗಂಡ ಉತ್ತರ ಕೊಡುವುದಿಲ್ಲ, ಏದುಸಿರು ಬಿಡುತ್ತಿರುತ್ತಾನೆ.

ಹೊಸ ಸೇತುವೆಯಾದರೂ ಕರುಣೆ ತೋರಿತೇ? 2008ರಲ್ಲಿ ವಾಸ್ತುಶಿಲ್ಪಿ ಕಲಾತ್ರಾವಾ ವಿನ್ಯಾಸದ ಸೇತುವೆಗೆ ಗಾಜಿನ ಮೆಟ್ಟಿಲು ಹಾಕಿದರು. ಮಳೆಯಲ್ಲಿ ಜನ ಜಾರಿ ಬಿದ್ದರು. ಕೊನೆಗೆ ನಗರಾಡಳಿತ ಗಾಜು ತೆಗೆದು ಕಲ್ಲು ಹಾಸುವ ತೀರ್ಮಾನಕ್ಕೆ ಬಂತು. ನಮ್ಮ ಅಜ್ಜಿಯರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು.

ಮಂಡಿಗಳ ಪಾಲಿನ ದೇವರು ಒಂದನೇ ನಂಬರಿನ ವಾಪೊರೆತ್ತೊ, ಅಂದರೆ ನೀರಿನ ಸಿಟಿ ಬಸ್. ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ನಿಂತು ನಿಂತು ಸಾಗುತ್ತದೆ. ಸೀಟು ಸಿಕ್ಕರೆ ಅರಮನೆಗಳೇ ಎದ್ದು ಬಂದು ದರ್ಶನ ಕೊಟ್ಟಂತೆ. 1591ರಲ್ಲಿ ಮುಗಿದ ರಿಯಾಲ್ಟೊ ಸೇತುವೆಯ ಅಡಿಯಲ್ಲಿ, ಮೇಲೆ ಹತ್ತುತ್ತಿರುವವರನ್ನು ಕನಿಕರದಿಂದ ನೋಡುತ್ತ ಹಾದುಹೋಗುವ ಸುಖವೇ ಬೇರೆ!

ಸೇಂಟ್ ಮಾರ್ಕ್ ಚೌಕದ ಗಂಟೆಗೋಪುರ 1902ರಲ್ಲಿ ಕುಸಿದು, 1912ರಲ್ಲಿ ಮತ್ತೆ ಎದ್ದು ನಿಂತಿತು. ಬಿದ್ದವರಿಗೇ ಬಿದ್ದವರ ಕಷ್ಟ ಗೊತ್ತು: ಅಲ್ಲಿ ಲಿಫ್ಟ್ ಇದೆ.