ಮೊಲದ ಮಾವ

ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಪಕ್ಕದ ಎಲೆಯಿಂದ ವಾಲಿ, "ಗಂಡು ಮೊಲಗಳು ಜಗಳಕ್ಕೆ ಬಿದ್ದರೆ ಎಲ್ಲಿಗೆ ಬಾಯಿ ಹಾಕುತ್ತವೆ ಗೊತ್ತೇನ್ರೀ ಅಳಿಯಂದಿರೇ?" ಎಂದು ಕೇಳುವವರು ನಿಮಗೆ ಸಿಕ್ಕಿಲ್ಲವಾದರೆ ನೀವು ಪುಣ್ಯವಂತರು. ಉತ್ತರ ಕೇಳಿದ ಮೇಲೆ ಯಾವ ಗಂಡಸಿಗೂ ಹೋಳಿಗೆ ಇಳಿಯುವುದಿಲ್ಲ.

ಸಾಕುಪ್ರಾಣಿಯ ನೆಪದಲ್ಲಿ ಊರಿಗೆಲ್ಲ ಪಾಠ ಹೇಳುವ ಈ ಪೈಕಿಯವರಲ್ಲಿ ನಾಯಿಯವರು, ಮೀನಿನವರು, ಗಿಣಿಯವರು ಎಲ್ಲ ಇದ್ದಾರೆ. ನನ್ನ ಪಾಲಿಗೆ ಬಂದದ್ದು ಹೆಂಡತಿಯ ಸೋದರಮಾವ, ಮೈಸೂರಿನ ಕುವೆಂಪುನಗರದವರು.

"ಎರಡೂ ಹೆಣ್ಣು ಸಾರ್, ಅಕ್ಕತಂಗಿ" ಎಂದು ಅಂಗಡಿಯವನು ಮಾವನಿಗೆ ಕೊಟ್ಟಿದ್ದ ಮೊಲದ ಜೋಡಿ. ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಇಬ್ಬರೂ ಅಣ್ಣತಮ್ಮಂದಿರೆಂದು ಬಯಲಾಯಿತು. ಒಂದು ರಾತ್ರಿ ಹನ್ನೊಂದಕ್ಕೆ ಫೋನು. ಓಡಿದೆ. ಕಿವಿ ಹಿಂದಕ್ಕೆ ಒತ್ತಿಕೊಂಡು, ಬಾಲ ನಿಗುರಿಸಿ, ಎರಡೂ ಬುಗುರಿಯ ಹಾಗೆ ಸುತ್ತುತ್ತಿದ್ದವು. ಹಾಲಿನ ತುಂಬ ಬೂರುಗದ ಹತ್ತಿ ಹಾರಿದಂತೆ ಕೂದಲು. ನಡುವೆ ಕೈ ಹಾಕಿದೆ. ನನ್ನ ಬೆರಳಲ್ಲಿ ರಕ್ತ ಸುರಿಯುತ್ತಿದ್ದರೆ ಮಾವ, "ಕೈಯಲ್ಲ, ಪೊರಕೆ ಹಾಕಬೇಕು ಅಂತ ಹೇಳಿರಲಿಲ್ವೇ!" ಎಂದರು. ಹೇಳಿದ್ದರು, ಯಾವುದೋ ನಾಮಕರಣದಲ್ಲಿ. ನಾನು ಪಾಯಸದ ಕಡೆ ಗಮನ ಇಟ್ಟಿದ್ದೆ.

ಆಪರೇಷನ್ ಮಾಡಿಸಿದರು. ಮಾರನೇ ದಿನವೇ ಸನ್ಯಾಸಿಗಳಾಗುವುದಿಲ್ಲವಂತೆ, ಒಳಗಿನ ಬಿಸಿ ಆರಲು 4ರಿಂದ 6 ವಾರ ಬೇಕಂತೆ. ಅಲ್ಲಿಯವರೆಗೆ ಅಕ್ಕಪಕ್ಕದ ಗೂಡು, ದಿನಾ ಹಾಸಿಗೆ ಬಟ್ಟೆ ಅದಲುಬದಲು, ವಾಸನೆ ಪರಿಚಯವಾಗಲಿ ಅಂತ. ಆಮೇಲೆ ಭೇಟಿ, ಅದೂ ಇಬ್ಬರೂ ಗದ್ದ ಉಜ್ಜದ ಜಾಗದಲ್ಲಿ. ಮೊಲ ಬಾಗಿಲಿಗೋ ಸೋಫಾದ ಕಾಲಿಗೋ ಗದ್ದ ಉಜ್ಜಿತೆಂದರೆ ಅಲ್ಲಿ ಅದರ ವಾಸನೆ ಅಂಟಿತು, ಖಾತೆ ತನ್ನ ಹೆಸರಿಗಾಯಿತು ಎಂದರ್ಥ. ಮಾವನ ಮನೆಯಲ್ಲಿ ಖಾತೆಯಾಗದ ಮೂಲೆಯೇ ಉಳಿದಿರಲಿಲ್ಲ. ಸಿಕ್ಕಿದ್ದು ನಮ್ಮ ಬಚ್ಚಲುಮನೆ.

ಎರಡು ವಾರ ಬೆಳಿಗ್ಗೆ ಆರೂವರೆಗೆ ಸಂಧಾನ. ಎರಡು ತಟ್ಟೆ ಸೊಪ್ಪು, ಎರಡೆರಡು ಬಾಗಿಲು ಕೊರೆದ ರಟ್ಟಿನ ಡಬ್ಬಗಳು, ಒಂದು ಪೊರಕೆ, ಒಬ್ಬ ಮಾವ. ನಾನು ಸ್ನಾನವಿಲ್ಲದೆ ಆಫೀಸಿಗೆ. "ಬೆನ್ನು ಹತ್ತಿದರೆ ಹತ್ತಲಿ ಬಿಡಿ, ಯಜಮಾನ ಯಾರು ಅಂತ ತೀರ್ಮಾನವಾಗಲಿ" ಎಂದು ಒಳಗಿನಿಂದ ವೀಕ್ಷಕ ವಿವರಣೆ. ಕೊನೆಗೊಂದು ದಿನ ಸದ್ದಿಲ್ಲ. ಇಣುಕಿದರೆ ಬಿಳಿಯದು ತಲೆ ಬಗ್ಗಿಸಿ ಕೂತಿದೆ, ಕಪ್ಪನೆಯದು ಅದರ ಹಣೆ ನೆಕ್ಕುತ್ತಿದೆ. ಮಾವ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಬಚ್ಚಲ ಹಬೆ ಎಂದರು. ಅವತ್ತು ಒಲೆಯನ್ನೇ ಹಚ್ಚಿರಲಿಲ್ಲ.

ಆಮೇಲೆ ಬಿಳಿಯದನ್ನು ಹಲ್ಲಿನ ತೊಂದರೆಗೆಂದು ಒಂಟಿಯಾಗಿ ಡಾಕ್ಟರ ಹತ್ತಿರ ಒಯ್ದು, ಅದು ಔಷಧಿ ವಾಸನೆ ಹೊತ್ತು ಬಂದು, ಕಪ್ಪನೆಯದು "ಯಾರೋ ನೀನು" ಎಂದು ಮೇಲೆರಗಿ, ಮತ್ತೆ ನಮ್ಮ ಬಚ್ಚಲು ಹೋಯಿತು. ಈಗ ಒಂದಕ್ಕೆ ಹಲ್ಲುನೋವಾದರೂ ಹೋಗುವುದು ಇಬ್ಬರೂ.

ಅತ್ತೆ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿ ಆರು ತಿಂಗಳ ಮೇಲೆ ಬಂದರು. ಅಷ್ಟರಲ್ಲಿ ಮಾವ ಕಾಫಿಪುಡಿ ಡಬ್ಬಿಯಿಂದ ಹಿಡಿದು ಇಕ್ಕಳದವರೆಗೆ ಎಲ್ಲದರ ಜಾಗ ಬದಲಿಸಿದ್ದರು. ವಾರವಿಡೀ ಪಾತ್ರೆ ಸದ್ದು ನಮ್ಮ ಮನೆಗೂ ಕೇಳಿತು.

ಮೊನ್ನೆ ಸಂಜೆ ದರ್ಶಿನಿಯಲ್ಲಿ ಇಬ್ಬರೂ ನಿಂತು ಬೈಟು ಕಾಫಿ ಕುಡಿಯುತ್ತಿದ್ದರು.

"ಏನತ್ತೆ, ಮನೆಯಲ್ಲಿ ಡಿಕಾಕ್ಷನ್ ಇಲ್ವೇ?"

"ಇದೆ. ಆದರೆ ಇಲ್ಲಿ ನಿಮ್ಮ ಮಾವ ಇನ್ನೂ ಗದ್ದ ಉಜ್ಜಿಲ್ಲ."