ಪ್ರಶ್ನೆ ಕೇಳುವವರು ಗೇಟಿಗೆ ಅಡ್ಡ ನಿಲ್ಲಬಾರದು

ಪುಣೆಯ ಹಳೆಯ ಪೇಠೆಗಳಲ್ಲಿ ಮನೆಯವರು ಬಾಯಿ ಬಿಡುವ ಮೊದಲೇ ಗೋಡೆ ಮಾತಾಡಿರುತ್ತದೆ. ಬೆಲ್ ಒಂದೇ ಸಲ ಒತ್ತಿ, ಒಳಗಿರುವವರು ಕಿವುಡರಲ್ಲ. ವಿಳಾಸ ಕೇಳಬೇಡಿ, ಇದು ಪೋಸ್ಟಾಫೀಸಲ್ಲ. ಈ ಧಾಟಿಯ ಬೋರ್ಡುಗಳಿಗೆ ಪುಣೇರಿ ಪಾಟಿ ಎಂದು ಹೆಸರು; ಮರಾಠಿಯಲ್ಲಿ ಅದೊಂದು ಸಾಹಿತ್ಯ ಪ್ರಕಾರವೇ ಆಗಿಹೋಗಿದೆ. ಸದಾಶಿವ ಪೇಠೆಯ ಹಳೆಯ ಕಟ್ಟಡವೊಂದರ ಗೇಟಿನಲ್ಲಿ ಅಂಥದೊಂದು ತಗಡಿನ ಪಾಟಿಯಿದೆ. ಮೂರನೇ ಮಹಡಿಯಲ್ಲಿ ಬಾಡಿಗೆಗಿರುವ ಕನ್ನಡದ ಗಂಡ ಹೆಂಡತಿಯನ್ನು, ಅವರು ಬಂದ ದಿನದಿಂದ, ಅದು ಗಮನಿಸುತ್ತ ಬಂದಿದೆ. ಗಂಡ ಧಾರವಾಡದವರು, ಹೆಂಡತಿ ಮೈಸೂರಿನವರು. ಆಕೆಗೆ ಲಕ್ಷ್ಮೀ ರಸ್ತೆಯ ಬ್ಯಾಂಕಿನಲ್ಲಿ ಕೆಲಸ. ಆತ ಹಿಂಜವಡಿಗೆ ಹೋಗುತ್ತಾರೆ; ಮರಳುವುದು ಯಾವಾಗ ಎಂಬುದು ಅಲ್ಲಿನ ಟ್ರಾಫಿಕ್ಕಿಗೆ ಬಿಟ್ಟ ವಿಷಯ.

ಪ್ರಶ್ನೆ: ನಮಸ್ಕಾರ. ತಮ್ಮೊಡನೆ ಸ್ವಲ್ಪ ಮಾತಾಡಬಹುದೇ?

ಪಾಟಿ: ಮಾತಾಡುತ್ತಲೇ ಇದ್ದೀರಲ್ಲ. ಎಡಕ್ಕೆ ಸರಿಯಿರಿ, ಗೇಟು ತೆರೆಯಬೇಕು.

ಪ್ರಶ್ನೆ: ತಮ್ಮ ಮೇಲೆ ಬರೆದಿರುವುದನ್ನು ಓದುಗರಿಗಾಗಿ ಒಮ್ಮೆ...

ಪಾಟಿ: 'ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು. ಕಾರಣ ಹೇಳಬೇಡಿ, ನಮಗೆ ಆಸಕ್ತಿಯಿಲ್ಲ.' ಎರಡು ಸಾಲು. ಮೂರನೆಯ ಸಾಲು ಬೇಕಾದವನಿಗೆ ಬರೆಯಲು ಬರುವುದಿಲ್ಲ ಎಂದರ್ಥ.

ಪ್ರಶ್ನೆ: ಕನ್ನಡ ಇಷ್ಟು ಚೆನ್ನಾಗಿ ಹೇಗೆ ಬಂತು?

ಪಾಟಿ: ಈ ಕಟ್ಟಡದಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ನನ್ನ ಬುಡದಲ್ಲಿ ಮಾತ್ರ. ಬೆಳಿಗ್ಗೆ ಆಕೆ ಇಲ್ಲಿ ನಿಂತು 'ತಿಂಡಿ ಆಯ್ತಾಮ್ಮ' ಅಂತ ಮೈಸೂರಿಗೆ ಕೇಳುತ್ತಾಳೆ. ರಾತ್ರಿ ಆತ ಇಲ್ಲೇ ನಿಂತು 'ಊಟಾ ಆತೇನವಾ' ಅಂತ ಧಾರವಾಡಕ್ಕೆ ಕೇಳುತ್ತಾನೆ. ಬಹಳ ಕಾಲ ಅವು ಎರಡು ಬೇರೆ ಭಾಷೆಗಳೆಂದೇ ತಿಳಿದಿದ್ದೆ. ಅವರಿಬ್ಬರೂ ಜಗಳಾಡುವುದನ್ನು ಕೇಳಿದ ಮೇಲೂ ಆ ಅನುಮಾನ ಪೂರ್ತಿ ಹೋಗಿಲ್ಲ.

ಪ್ರಶ್ನೆ: ಅವರು ಬಂದ ದಿನ ನೆನಪಿದೆಯೇ?

ಪಾಟಿ: ಮಾಲೀಕರು ಡಿಪಾಸಿಟ್ಟು ಎಂದು ಎರಡು ತಿಂಗಳ ಬಾಡಿಗೆ ಕೇಳಿದರು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಕ್ಕರು. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಮುಂಗಡ ಕೊಟ್ಟು ಅಭ್ಯಾಸವಂತೆ. ಬಾಡಿಗೆದಾರ ಖುಷಿಯಾಗಿರುವುದನ್ನು ನಮ್ಮ ಮಾಲೀಕರು ಜನ್ಮದಲ್ಲಿ ಕಂಡವರಲ್ಲ. ಎಲ್ಲೋ ಕಡಿಮೆ ಹೇಳಿಬಿಟ್ಟೆನೇ ಎಂದು ಆ ರಾತ್ರಿ ನಿದ್ದೆ ಮಾಡಲಿಲ್ಲ. ಆಮೇಲೆ ಮಾಮೂಲು: 11 ತಿಂಗಳ ಕರಾರು, ಅದರ ನೋಂದಣಿ, ಪೊಲೀಸ್ ವೆರಿಫಿಕೇಶನ್ನು. ಬೆಂಗಳೂರು, ಪುಣೆ ಎರಡೂ ಒಂದು ಕಾಲಕ್ಕೆ ಶಿವಾಜಿ ಮಹಾರಾಜರ ತಂದೆ ಶಹಾಜಿಯ ಜಹಗೀರು. ಆತನಿಗೆ ಎರಡೂ ಕಡೆ ವೆರಿಫಿಕೇಶನ್ ಕೇಳಿದವರಿರಲಿಲ್ಲ. ಕಾಲ ಹಾಳಾಗಿತ್ತು.

ಪ್ರಶ್ನೆ: ಅವರಿಗೂ ತಮಗೂ ಮೊದಲ ಪರಿಚಯ?

ಪಾಟಿ: ಕೆಎ 25ರ ಸ್ಕೂಟರು. ಸರಿಯಾಗಿ ನನ್ನ ಮುಂದೆ ನಿಲ್ಲಿಸಿದ. ಗಾಳಿ ಹೋಯಿತು. ಸಂಜೆ ಬಂದು ಮಾಲೀಕರಿಗೆ 'ಬೋರ್ಡು ಓದಿದ್ದೆನ್ರೀ, ಚಾಷ್ಟಿಗೆ ಬರ್ದೀರಿ ಅನ್ಕೊಂಡೆ' ಅಂದ. ನಿಮ್ಮ ಕಡೆ ಬೋರ್ಡು ಬರೆಯುವುದು ಅಲಂಕಾರಕ್ಕೆ, ಅಲ್ಲವೇ? 'ಇಲ್ಲಿ ಮೂತ್ರ ವಿಸರ್ಜಿಸಬಾರದು' ಎಂಬ ಬೋರ್ಡಿನ ಕೆಳಗೆ ಏನು ನಡೆಯುತ್ತದೆ ಎಂದು ಆತನೇ ಆಕೆಗೆ ಹೇಳುತ್ತಿದ್ದ.

ಪ್ರಶ್ನೆ: ಹೊರಗಿನವರೆಂದು ಅವರ ಮೇಲೆ ಸ್ವಲ್ಪ ಕಟುವಾಗಿ...

ಪಾಟಿ: ಹೊರಗಿನವರೇ? ಯಾರು ಹೇಳಿದರು? ಹೊರಗಿನವರನ್ನು ನಾವು ತಲೆಯ ಮೇಲೆ ಕೂರಿಸಿಕೊಳ್ಳುತ್ತೇವೆ. ಪಕ್ಕದ ಕಟ್ಟಡದಲ್ಲಿ ಒಬ್ಬ ಜರ್ಮನ್ ಹುಡುಗನಿದ್ದ. 'ನಮಸ್ಕಾರ' ಎಂಬ ಒಂದೇ ಶಬ್ದಕ್ಕೆ ಇಡೀ ಓಣಿ ಕರಗಿತು, ಎಷ್ಟು ಶುದ್ಧ ಮರಾಠಿ ಅಂತ. ಈ ಧಾರವಾಡದವ ಇಡೀ ವಾಕ್ಯ ಹೇಳುತ್ತಾನೆ. ಕುರ್ಚಿಯನ್ನು ಗಂಡು ಮಾಡಿದ, ಬಾಗಿಲನ್ನು ಹೆಣ್ಣು ಮಾಡಿದ ಅಂತ ಎರಡನೇ ಮಹಡಿಯ ಕಾಕೂ ಮೆಟ್ಟಿಲಲ್ಲೇ ನಿಲ್ಲಿಸಿ ತಿದ್ದುತ್ತಾರೆ. ಪು. ಲ. ದೇಶಪಾಂಡೆ ಬೆಳಗಾವಿಯ ರಾವಸಾಹೇಬರ ವ್ಯಕ್ತಿಚಿತ್ರ ಬರೆದಿಟ್ಟು ಹೋಗಿದ್ದಾರಲ್ಲ, ಕನ್ನಡದ ಗತ್ತಿನಲ್ಲಿ ಮರಾಠಿ ಆಡುವ ಮನುಷ್ಯನದು. ಈತ ಬಾಯಿ ತೆರೆದರೆ ಕಾಕೂ ಅವರ ಗಂಡ ಕಾಕಾ ಅದನ್ನೇ ನೆನೆಸಿಕೊಂಡು ನಗುತ್ತಾರೆ. ದೂರದವನಿಗೆ ದಾರಿ ತೋರಿಸುತ್ತಾರೆ, ಹತ್ತಿರದವನಿಗೆ ತಪ್ಪು ತೋರಿಸುತ್ತಾರೆ. ಇದು ಪುಣೆಯ ದೋಷವಲ್ಲ, ನೆಂಟಸ್ತಿಕೆಯ ದೋಷ. ಆಕೆ ಮೈಸೂರಿನಿಂದ ಧಾರವಾಡಕ್ಕೆ ಸೊಸೆಯಾಗಿ ಹೋದಾಗ ಎಷ್ಟು ತಿದ್ದಿಸಿಕೊಂಡಳೆಂದು ನನಗೆ ಗೊತ್ತು. ಸಿಗ್ನಲ್ ನನ್ನ ಬುಡದಲ್ಲಿದೆ ಎಂದೆನಲ್ಲ.

ಪ್ರಶ್ನೆ: ಅಡುಗೆ, ಹಬ್ಬಗಳಲ್ಲಾದರೂ ಹೊಂದಿಕೆಯಿದೆಯೇ? ಎರಡೂ ಕಡೆ ಶಾಲಿವಾಹನ ಶಕೆ, ಅದೇ ತಿಂಗಳು, ಅದೇ ತಿಥಿ...

ಪಾಟಿ: ಅದೇ ತೊಂದರೆ. ಪಂಚಾಂಗ ಬೇರೆಯಾಗಿದ್ದರೆ ಅವರವರ ಪಾಡಿಗೆ ಇರುತ್ತಿದ್ದರು. ಭಾದ್ರಪದ ಶುದ್ಧ ತದಿಗೆಯ ದಿನ ಏನಾಯಿತು ಕೇಳಿ. ಮೈಸೂರಿನಲ್ಲಿ ಅಂದು ಸ್ವರ್ಣಗೌರಿ. ತಾಯಿ ಮೊದಲು ಬರುತ್ತಾಳೆ, ಮಾರನೆಯ ದಿನ ಮಗ. ಆಕೆ ಬೆಳಗಿನ ಜಾವ ಎದ್ದು, ಪೂಜೆ ಮುಗಿಸಿ, ಒಬ್ಬಟ್ಟು ತಟ್ಟಿ, ಬಿಸಿಬಿಸಿ ತಟ್ಟೆ ಹಿಡಿದು, ಮೊರದ ಬಾಗಿನದ ಜೊತೆ ಕಾಕೂ ಮನೆಗೆ ಇಳಿದಳು. ಬೆಲ್ಲನ್ನು ಒಂದೇ ಸಲ ಒತ್ತಿದಳು, ಅದಕ್ಕೆ ಅಂಕ ಕೊಡುತ್ತೇನೆ. ಆದರೆ ಅದೇ ತದಿಗೆ ಇಲ್ಲಿ ಹರಿತಾಲಿಕಾ. ಕಾಕೂಗೆ ಹನಿ ನೀರೂ ಇಲ್ಲದ ಉಪವಾಸ. ಬಾಗಿಲು ತೆರೆದರೆ ಮೂಗಿನ ನೇರಕ್ಕೆ ಏಲಕ್ಕಿ, ತುಪ್ಪ! ಕಾಕೂ ಕಣ್ಣು ಮುಚ್ಚಿಕೊಂಡದ್ದು ಭಕ್ತಿಯಿಂದಲ್ಲ.

ಪ್ರಶ್ನೆ: ಆಮೇಲೆ?

ಪಾಟಿ: ಮಾರನೆಯ ದಿನ ಪಾರಣೆಗೆ ಅದೇ ಒಬ್ಬಟ್ಟು ತಿಂದು 'ಏಲಕ್ಕಿ ಕಡಿಮೆಯಾಯಿತು' ಅಂದರು. ಕತೆ ಅಲ್ಲಿಗೆ ನಿಲ್ಲಲಿಲ್ಲ. ಇಲ್ಲಿ ಗೌರಿ ಬರುವುದು ಮಗ ಬಂದು ಕೂತ ಮೇಲೆ. ಅನುರಾಧಾ ನಕ್ಷತ್ರದಲ್ಲಿ ಆಗಮನ, ಜ್ಯೇಷ್ಠೆಯಲ್ಲಿ ಊಟ, ಮೂಲಾ ನಕ್ಷತ್ರದಲ್ಲಿ ವಿಸರ್ಜನೆ. ಕಾಕೂ ಮನೆಯಲ್ಲಿ ಗೌರಿ ತಂಗಿಯನ್ನೂ ಕರೆದುಕೊಂಡು ಬರುತ್ತಾಳೆ. ಮೇಲಿನವಳು ತನ್ನ ಗೌರಿಯನ್ನು ಆಗಲೇ ಕಳಿಸಿಯಾಗಿತ್ತು. 'ಮಗನನ್ನು ಬಿಟ್ಟು ತಾಯಿ ಎಲ್ಲಿಗೆ ಹೋದಳು' ಎಂದು ಕಾಕೂ ಗಾಬರಿ. ಅಷ್ಟರಲ್ಲಿ ಧಾರವಾಡದಿಂದ ಅತ್ತೆಯ ಫೋನು: 'ನಮ್ಮ ಮನ್ಯಾಗ ಜ್ಯೇಷ್ಠಾ ಗೌರಿ ಕೂಡಸ್ತೀವವಾ, ಮರೀಬ್ಯಾಡ.' ಆ ವರ್ಷ ಮೂರನೇ ಮಹಡಿಗೆ ಗೌರಿ ಎರಡು ಸಲ ಮೆಟ್ಟಿಲು ಹತ್ತಿದಳು. ಲಿಫ್ಟಿಲ್ಲ ನಮ್ಮಲ್ಲಿ.

ಪ್ರಶ್ನೆ: ಕನ್ನಡದವರಿಗೆ ಪುಣೆಯಲ್ಲಿ ತಮ್ಮದೆನ್ನುವ ನೆಲೆಗಳಿವೆಯಲ್ಲ. ಕನ್ನಡ ಸಂಘವಿದೆ, ಅದರ ಕಾವೇರಿ ಶಾಲೆ ಕಾಲೇಜುಗಳಿವೆ...

ಪಾಟಿ: ಇವೆ. ಕಾಕೂ ಮೊಮ್ಮಗಳು ಆ ಶಾಲೆಗೇ ಹೋಗುತ್ತಾಳೆ. ಇವರಿಬ್ಬರು ನವೆಂಬರ್ 1ಕ್ಕೆ ಸಂಘಕ್ಕೆ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ಮಿಕ್ಕ ದಿನಗಳಲ್ಲಿ ಇವರ ಕನ್ನಡ ಸಂಘ ಫರ್ಗ್ಯುಸನ್ ರಸ್ತೆಯ ವೈಶಾಲಿ. 'ನಮ್ಮ ಜಗನ್ನಾಥ ಶೆಟ್ಟರದು' ಅಂತ ಆತ ಎದೆ ಉಬ್ಬಿಸುತ್ತಾನೆ. 'ಅವರು ಕರಾವಳಿಯವರು, ನೀವು ಜನ್ಮದಲ್ಲಿ ಆಗುಂಬೆ ಇಳಿದವರಲ್ಲ' ಅಂತ ಆಕೆ. ಶೆಟ್ಟರು 2023ರಲ್ಲಿ ತೀರಿಕೊಂಡಾಗ ಕಾಕಾ 'ನಮ್ಮ ಪುಣೆಯವರು ಹೋದರು' ಅಂದರು. ವೈಶಾಲಿಯ ಮುಂದೆ ಕ್ಯೂ ನಿಂತವರಲ್ಲಿ ಇಡ್ಲಿ ಯಾವ ರಾಜ್ಯದ್ದು ಎಂದು ಕೇಳುವವರಿಲ್ಲ. ಕ್ಯೂ ಮುಂದಕ್ಕೆ ಹೋಗುತ್ತದೆಯೇ ಎಂದಷ್ಟೇ ಕೇಳುತ್ತಾರೆ.

ಪ್ರಶ್ನೆ: ಜಗಳವೆಂದು ಆಗಿದ್ದುಂಟೇ?

ಪಾಟಿ: ಒಂದು. ಡಿಸೆಂಬರಿನಲ್ಲಿ. ಸವಾಯಿ ಗಂಧರ್ವ ಮಹೋತ್ಸವದ ಟಿಕೀಟು ಹಿಡಿದು ಬಂದ ಕಾಕಾ 'ನಮ್ಮ ಭೀಮಸೇನರು 1953ರಲ್ಲಿ ಶುರುಮಾಡಿದ್ದು' ಅಂದರು. ಧಾರವಾಡದವ ಚಪ್ಪಲಿ ಕೂಡ ಬಿಡದೆ ಮೆಟ್ಟಿಲ ಮೇಲೇ ನಿಂತ. 'ರೋಣದಾಗ ಹುಟ್ಟ್ಯಾರ್ರೀ, ಗದಗ ಜಿಲ್ಲಾ. ಅವರ ಗುರುಗಳು ಸವಾಯಿ ಗಂಧರ್ವರು ಕುಂದಗೋಳದವರು. ಉತ್ಸವದ ಹೆಸರೇ ನಮ್ಮೂರಿಂದು.' ಕಾಕಾ, 'ಹಾಡಿದ್ದೆಲ್ಲಿ? ಬಾಳಿದ್ದೆಲ್ಲಿ? 2011ರಲ್ಲಿ ಕಣ್ಣು ಮುಚ್ಚಿದ್ದೆಲ್ಲಿ?' ಆತ ದಾಸರ ಪದ ಅಂದರೆ ಇವರು ಅಭಂಗ ಅಂದರು. ಒಂದು ಗಂಟೆ. ಮೇಲಿನವರು ಕೆಳಗಿಳಿಯುವಂತಿಲ್ಲ, ಕೆಳಗಿನವರು ಮೇಲೆ ಹೋಗುವಂತಿಲ್ಲ.

ಪ್ರಶ್ನೆ: ಯಾರು ಗೆದ್ದರು?

ಪಾಟಿ: ಇಬ್ಬರೂ ದಡ್ಡರು. ಲೆಕ್ಕ ಯಾವತ್ತೋ ಚುಕ್ತಾ ಆಗಿದೆ. ಬೇಂದ್ರೆಯವರ ಮನೆಮಾತು ಮರಾಠಿ. ಓದಿದ್ದು ಇಲ್ಲೇ, ಫರ್ಗ್ಯುಸನ್ ಕಾಲೇಜಿನಲ್ಲಿ, 1918ರಲ್ಲಿ ಬಿ.ಎ. ಮರಾಠಿಯಲ್ಲೂ ಬರೆದರು. 1973ರ ಜ್ಞಾನಪೀಠ ಮಾತ್ರ ಕನ್ನಡದ ಹೆಸರಿಗೆ ಜಮೆಯಾಯಿತು. ನಾವು ಬೇಂದ್ರೆಯವರನ್ನು ಕೊಟ್ಟೆವು, ನೀವು ಭೀಮಸೇನರನ್ನು ಕೊಟ್ಟಿರಿ. ರಸೀದಿ ಕೇಳುವುದು ಏಕೆ?

ಪ್ರಶ್ನೆ: ಮತ್ತೆ ಪಂಢರಪುರದ ವಿಠ್ಠಲ? ಜ್ಞಾನೇಶ್ವರರೇ ಅಭಂಗದಲ್ಲಿ ಅವನನ್ನು ಕರ್ನಾಟಕದವನೆಂದು ಕರೆದಿದ್ದಾರೆ...

ಪಾಟಿ: ಮುಂದಿನ ಪ್ರಶ್ನೆ.

ಪ್ರಶ್ನೆ: 2022ರ ಡಿಸೆಂಬರಿನಲ್ಲಿ ಗಡಿಯ ಗಲಾಟೆ ಎದ್ದಾಗ ಇಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಆಗ ಇವರು?

ಪಾಟಿ: ಬಣ್ಣ ಬಳಿಯುವುದು ನನ್ನ ಕುಲವೃತ್ತಿ, ಆದ್ದರಿಂದ ಹೇಳುವ ಅಧಿಕಾರ ನನಗಿದೆ: ಅದು ಕಳಪೆ ಕೈಬರಹ. ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಿತು, ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಇಷ್ಟು ವರ್ಷದ ವಾದವನ್ನು ಬಸ್ಸಿನ ಗಾಜಿನ ಮೇಲೆ ಮುಗಿಸಲು ಹೊರಟವರಿಗೆ ಶಬ್ದಮಿತಿಯ ಅರಿವಿಲ್ಲ. ಇನ್ನು ಇವರು. ಆ ವಾರ ಆಕೆ ನನ್ನ ಬುಡದಲ್ಲಿ ನಿಂತು ತಾಯಿಯ ಹತ್ತಿರ ಹಿಂದಿ ಆಡತೊಡಗಿದಳು. ಮೈಸೂರಿನ ಆ ಅಮ್ಮನಿಗೆ ಹಿಂದಿ ಬರುವುದಿಲ್ಲ. ಮಗಳಿಗೆ ಏನೋ ಆಗಿದೆ ಅಂತ ಅಲ್ಲಿ ಅಳುತ್ತಿದ್ದಾರೆ. ಕಾಕೂ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: 'ನಿನ್ನ ಹಿಂದಿ ನನ್ನ ಹಿಂದಿಗಿಂತ ಕೆಟ್ಟದಾಗಿದೆ. ಕಾನಡಿಯಲ್ಲೇ ಮಾತಾಡು, ಜೋರಾಗಿ ಮಾತಾಡು, ಯಾರು ಬರುತ್ತಾರೋ ನೋಡುತ್ತೇನೆ.' ಯಾರೂ ಬರಲಿಲ್ಲ. ಕಾಕೂ ಇರುವ ಕಡೆ ಕೊರಿಯರ್ ಹುಡುಗನೇ ಬರಲು ಹೆದರುತ್ತಾನೆ.

ಪ್ರಶ್ನೆ: ತಾವು ಅವರ ಮೇಲೆ ಹೊರಿಸುವ ದೊಡ್ಡ ಆಕ್ಷೇಪಣೆ?

ಪಾಟಿ: 'ನೋಡೋಣ.' ಗಣಪತಿ ಮಂಡಳದ ಹುಡುಗರು ವರ್ಗಣಿಗೆ, ಅಂದರೆ ಚಂದಾ ಎತ್ತಲು, ಬಂದರು. ಆಕೆ 'ನೋಡೋಣ' ಅಂದಳು. ಆತ 'ಮಾಡೂಣಂತ' ಅಂದ. ನಿಮ್ಮೂರಿನಲ್ಲಿ ಅದಕ್ಕೆ 'ಇಲ್ಲ' ಎಂಬ ಅರ್ಥವಂತೆ. ಇಲ್ಲಿನ ಹುಡುಗರು ಅನಂತ ಚತುರ್ದಶಿಯವರೆಗೆ ದಿನಾ ನೋಡಲು ಬಂದರು. ಕೊನೆಗೆ ಕೊಟ್ಟದ್ದು ಕಾಕಾ ಕೊಟ್ಟದ್ದಕ್ಕಿಂತ ಹೆಚ್ಚು. ಇಲ್ಲ ಎನ್ನಲು ಬಾರದವರಿಗೆ ಊರು ದುಬಾರಿಯಾಗುತ್ತದೆ.

ಪ್ರಶ್ನೆ: ಅವರಲ್ಲಿ ಬದಲಾವಣೆಯೇ ಇಲ್ಲವೇ?

ಪಾಟಿ: ಇದೆ. ಸ್ಕೂಟರಿಗೆ ಎಂಎಚ್ 12 ಬಂತು. 12 ತಿಂಗಳಾದ ಮೇಲೆ ಇಲ್ಲಿನ ನಂಬರು ಮಾಡಿಸಲೇಬೇಕು, ಅದಕ್ಕೆ ಪ್ರೀತಿ ಎಂದು ಹೆಸರಿಡಬೇಡಿ. ಭಾನುವಾರ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಆತ ಮಲಗುತ್ತಾನೆ, ಫೋನು ಎತ್ತುವುದಿಲ್ಲ. ಮಧ್ಯಾಹ್ನ ಬಾಗಿಲು ಹಾಕುವುದಕ್ಕೇ ಹೆಸರಾದ ಚಿತಳೆಯವರ ಮಿಠಾಯಿ ಅಂಗಡಿಗಳಲ್ಲೇ ಕೆಲವು ಈಗ ಮಧ್ಯಾಹ್ನವೂ ತೆರೆದಿರುವ ಕಾಲದಲ್ಲಿ ಸಂಪ್ರದಾಯ ಉಳಿಸಿರುವವನು ಧಾರವಾಡದವ. ಮೊನ್ನೆ ಊರಿನಿಂದ ಬಂದ ಮಾವ ಎರಡು ಸಲ ಬೆಲ್ ಒತ್ತಿದಾಗ ಒಳಗಿನಿಂದ 'ಒಂದ್ಸಲ ಸಾಕ್ರೀ!' ಎಂಬ ಧ್ವನಿ ಬಂತು. ಹೆಮ್ಮೆಯಾಯಿತು.

ಪ್ರಶ್ನೆ: ಅವರೂ ಬಾಗಿಲಿಗೆ ಒಂದು ಪಾಟಿ ಹಾಕಿದ್ದಾರೆಂದು ಕೇಳಿದೆ.

ಪಾಟಿ: ಹಾಕಿದ್ದಾರೆ. ಅದರ ಬಗ್ಗೆ ಮಾತಾಡಬಾರದೆಂದಿದ್ದೆ. ಚಪ್ಪಲಿ ಹೊರಗೆ ಬಿಡಿ ಎಂಬ ಮೂರು ಶಬ್ದದ ವಿಷಯ. ಇವರು ಮರಾಠಿಯಲ್ಲಿ ಆರು ಸಾಲು ಬರೆದಿದ್ದಾರೆ. 'ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ, ನಿಮಗೆ ಅನುಕೂಲವಾದರೆ, ಸಾಧ್ಯವಾದರೆ ಪಾದರಕ್ಷೆಗಳನ್ನು...' ಪಾಟಿಯಲ್ಲಿ ಕ್ಷಮೆ ಕೇಳುವುದೇ? ನಮ್ಮ ಇಡೀ ಪೇಠೆಯಲ್ಲಿ ಇಂಥದ್ದು ನಡೆದಿಲ್ಲ. ಕಾಕೂ ಕೆಂಪು ಪೆನ್ನಿನಲ್ಲಿ ಲಿಂಗ, ವಚನ ತಿದ್ದಿ ಹೋಗಿದ್ದಾರೆ. ತಿದ್ದಿದ್ದರ ಮೇಲೆ ಕಾಕಾ ಶುದ್ಧಲೇಖನ ತಿದ್ದಿದ್ದಾರೆ.

ಪ್ರಶ್ನೆ: ಕೆಲಸವಾದರೂ ಮಾಡುತ್ತಿದೆಯೇ ಅದು?

ಪಾಟಿ: ಎಲ್ಲಿಂದ? ಓದಲು ಎಲ್ಲರೂ ನಿಲ್ಲುತ್ತಾರೆ. ಓದಿ ಅರ್ಥವಾಗದೆ ಬೆಲ್ ಒತ್ತುತ್ತಾರೆ. ಆಕೆ ಒಳಗೆ ಕರೆದು ಮೈಸೂರಿನ ಪುಡಿ ಹಾಕಿ ಫಿಲ್ಟರ್ ಕಾಫಿ ಕೊಡುತ್ತಾಳೆ. ಕಾಫಿ ಕುಡಿದವರು ಮರುದಿನ ಇನ್ನೊಬ್ಬರನ್ನು ಪಾಟಿ ತೋರಿಸುವ ನೆಪದಲ್ಲಿ ಕರೆತರುತ್ತಾರೆ. ಚಪ್ಪಲಿಗಳು ಮೂರನೇ ಮಹಡಿಯಿಂದ ಎರಡನೆಯದರವರೆಗೆ ಇಳಿದಿವೆ. ಕಾಕೂ ಬಾಗಿಲಿಗೆ ಅಡ್ಡ. ಅದರ ಬಗ್ಗೆ ಕಾಕೂ ಹೊಸ ಪಾಟಿ ಬರೆಯಿಸುತ್ತಿದ್ದಾರೆ. ಕನ್ನಡದಲ್ಲಿ. ಅಕ್ಷರ ತಿದ್ದಿಕೊಡಲು ಧಾರವಾಡದವನನ್ನು ಕೇಳಿದ್ದಾರೆ, ಆತ 'ನೋಡೂಣಂತ' ಅಂದಿದ್ದಾನೆ.