ಹಂತಕಶ್ರವಣ ಮೀಮಾಂಸೆ

ಉಪೋದ್ಘಾತ

ನವವಿಧ ಭಕ್ತಿಗಳಲ್ಲಿ ಶ್ರವಣಕ್ಕೇ ಅಗ್ರಸ್ಥಾನವೆಂಬುದು ಸರ್ವವಿದಿತ. ಏನನ್ನು ಶ್ರವಣ ಮಾಡಬೇಕೆಂಬಲ್ಲಿ ಮಾತ್ರ ಪ್ರಾಚೀನರಿಗೂ ಅರ್ವಾಚೀನರಿಗೂ ಭಿನ್ನಾಭಿಪ್ರಾಯವಿದೆ. ಪ್ರಾಚೀನರು ಹರಿಕಥೆ ಎಂದರು. ಅರ್ವಾಚೀನರು ಟ್ರೂ ಕ್ರೈಮ್ ಪಾಡ್‌ಕಾಸ್ಟ್ ಎನ್ನುತ್ತಾರೆ. ಎರಡೂ ಕಾಲಕ್ಷೇಪವೇ ಆದ್ದರಿಂದ ಆ ಜಗಳವನ್ನು ಇಲ್ಲಿ ಬೆಳೆಸುವುದಿಲ್ಲ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ವಿಷಯ: ಸರಣಿ ಹಂತಕರು. ಪ್ರಯೋಜನ: ಪಾತ್ರೆ ತೊಳೆಯುವಾಗಲೂ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕೂತಾಗಲೂ ಬೇಸರ ಕಳೆಯುವುದು. ಸಂಬಂಧ: ಹಂತಕನಿಗೂ ಕೇಳುಗನಿಗೂ ಯಾವ ಸಂಬಂಧವೂ ಇಲ್ಲದಿರುವುದೇ ಇಲ್ಲಿನ ಸಂಬಂಧ, ಇದ್ದಿದ್ದರೆ ವಿಷಯ ಪೊಲೀಸ್ ಠಾಣೆಗೆ ಹೋಗುತ್ತಿತ್ತು, ಮೀಮಾಂಸೆಗೆ ಬರುತ್ತಿರಲಿಲ್ಲ. ಅಧಿಕಾರಿ ಯಾರೆಂಬುದಕ್ಕೆ ಮುಂದೆ ಪ್ರತ್ಯೇಕ ಪ್ರಕರಣವಿದೆ.

ಸಂಪ್ರದಾಯದ ಇತಿಹಾಸ ಚಿಕ್ಕದು. 2014ರಲ್ಲಿ ಅಮೆರಿಕದ ಸಾರಾ ಕೋನಿಗ್ ಅವರ 'ಸೀರಿಯಲ್' ಬಂದು ಈ ಮಾರ್ಗವನ್ನು ಮನೆಮಾತು ಮಾಡಿತು. ಬಾಲ್ಟಿಮೋರಿನಲ್ಲಿ 1999ರಲ್ಲಿ ನಡೆದ ಒಂದು ಕೊಲೆ, ಅದಕ್ಕೆ 12 ಕಂತು. ಕೊಲೆಯೊಂದಕ್ಕೆ ಹನ್ನೆರಡು ಕಂತೆಂಬುದು ಶ್ರಮದ ಲೆಕ್ಕದಲ್ಲಿ ದುಬಾರಿಯೆಂದು ಉತ್ತರೋತ್ತರ ಆಚಾರ್ಯರು ಕಂಡುಕೊಂಡರು. ಒಬ್ಬನೇ ಮನುಷ್ಯ, ಹಲವು ಕೊಲೆ, ಕಂತಿಗೊಂದರಂತೆ ಧಾರಾಳ ಸಾಮಗ್ರಿ: ಸರಣಿ ಹಂತಕನೆಂಬ ಪದಾರ್ಥ ಈ ಶಾಸ್ತ್ರದ ನಡುಮನೆಗೆ ಬಂದದ್ದು ಹೀಗೆ. 2016ರ ಜನವರಿ ತಿಂಗಳೊಂದರಲ್ಲೇ ಎರಡು ಪ್ರಬಲ ಶಾಖೆಗಳು ಹುಟ್ಟಿದವು. ಅಮೆರಿಕದ 'ಮೈ ಫೇವರಿಟ್ ಮರ್ಡರ್' ಶಾಖೆಯಲ್ಲಿ ಕ್ಯಾರೆನ್ ಕಿಲ್ಗಾರಿಫ್, ಜಾರ್ಜಿಯಾ ಹಾರ್ಡ್‌ಸ್ಟಾರ್ಕ್ ಎಂಬಿಬ್ಬರು ಹರಟುತ್ತ, ನಗುತ್ತ ಕೊಲೆಯ ಕಥೆ ಹೇಳುತ್ತಾರೆ. ಆಸ್ಟ್ರೇಲಿಯಾದ 'ಕೇಸ್‌ಫೈಲ್' ಶಾಖೆಯ ನಿರೂಪಕ ನಗುವುದೂ ಇಲ್ಲ, ತನ್ನ ಹೆಸರು ಹೇಳುವುದೂ ಇಲ್ಲ. ಮೊದಲನೆಯದು ಸಖೀಮಾರ್ಗ, ಎರಡನೆಯದು ಅವಧೂತಮಾರ್ಗ.

ಅಧಿಕಾರಿ ಪ್ರಕರಣ

ಸೂತ್ರ: ಭೀತಳೇ ಶ್ರೋತ್ರಿ.

ಭಾಷ್ಯ: ಕೊಲೆ ಮಾಡುವವರಲ್ಲಿ ಗಂಡಸರೇ ಹೆಚ್ಚು, ಕೊಲೆಯ ಕಥೆ ಕೇಳುವವರಲ್ಲಿ ಹೆಂಗಸರೇ ಹೆಚ್ಚು. ಇದರ ಮೇಲೆ ಪೂರ್ವಪಕ್ಷ: 'ಹೆಣ್ಣುಮಕ್ಕಳಿಗೆ ಇಂಥ ಕ್ರೌರ್ಯದ ಚಪಲ ಯಾಕೆ?' ಹೀಗೆ ಕೇಳುವವರು ಸಾಮಾನ್ಯವಾಗಿ ಗಂಡಂದಿರು. ಇವರಿಗೆ ಉತ್ತರವಾಗಿ 2010ರಲ್ಲಿ ಅಮಾಂಡಾ ವಿಕರಿ ಮತ್ತು ಕ್ರಿಸ್ ಫ್ರೇಲಿ ಎಂಬ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಸಾಯುವುದರಲ್ಲಿದ್ದವಳು ಯಾವ ಉಪಾಯದಿಂದ ತಪ್ಪಿಸಿಕೊಂಡಳೆಂಬ ವಿವರ ಇರುವ ಪುಸ್ತಕಗಳತ್ತ ಹೆಂಗಸರ ಒಲವು ಹೆಚ್ಚೆಂದು ಅದರಲ್ಲಿ ಕಂಡುಬಂತು. ಚಪಲವೆಂದು ತೋರಿದ್ದು ಪರೀಕ್ಷೆಯ ತಯಾರಿ. ಯಾವ ದಿನ, ಯಾವ ಕೇಂದ್ರ ಎಂದು ಗೊತ್ತಿಲ್ಲದ ಪರೀಕ್ಷೆಗೆ ಸಿಲಬಸ್ ಪೂರ್ತಿ ಓದಿಕೊಳ್ಳುವುದೇ ಜಾಣತನ.

ನಾಯಕ ಪ್ರಕರಣ

ಲಾಕ್ಷಣಿಕರು ನಾಯಕರನ್ನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಇವರಲ್ಲಿ ಮೂವರು ನಮ್ಮ ಶಾಸ್ತ್ರದಲ್ಲಿ ಸುಲಭವಾಗಿ ಸಿಗುತ್ತಾರೆ.

ಧೀರಲಲಿತನಿಗೆ ಟೆಡ್ ಬಂಡಿ ಉದಾಹರಣೆ. ರೂಪವಂತ, ಮಾತುಗಾರ, ಲಾ ಕಾಲೇಜು ಕಂಡವನು, ಸಾಕಷ್ಟು ಕಂತುಗಳ ಪ್ರಕಾರ ಮಹಾಮೇಧಾವಿ. 1979ರಲ್ಲಿ ಮಯಾಮಿಯ ಕೋರ್ಟಿನಲ್ಲಿ ಮರಣದಂಡನೆ ವಿಧಿಸಿದ ನ್ಯಾಯಾಧೀಶರೇ, ಇವನು ಒಳ್ಳೆಯ ವಕೀಲನಾಗಬಹುದಿತ್ತು ಎಂದು ಪೇಚಾಡಿದ್ದು ದಾಖಲೆಯಲ್ಲಿದೆ. 30 ಕೊಲೆಗಳನ್ನು ಒಪ್ಪಿಕೊಂಡ ಈ ಮೇಧಾವಿ 1975ರಲ್ಲಿ ಯೂಟಾದಲ್ಲಿ, 1977ರಲ್ಲಿ ಆಸ್ಪೆನ್‌ನಲ್ಲಿ, 1978ರಲ್ಲಿ ಪೆನ್ಸಕೋಲಾದಲ್ಲಿ ಸಿಕ್ಕಿಬಿದ್ದ. ಮೂರು ಸಲವೂ ಹಿಡಿದದ್ದು ರಸ್ತೆಯಲ್ಲಿ ಅನುಮಾನ ಬಂದು ಕಾರು ತಡೆದ ಗಸ್ತು ಪೊಲೀಸರು. ಹೆಲ್ಮೆಟ್ ಇಲ್ಲದ ಕಾಲೇಜು ಹುಡುಗನೂ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಆದರೂ 'ಮೇಧಾವಿ' ಎಂಬ ವಿಶೇಷಣಕ್ಕೆ ಭಂಗ ಬಂದಿಲ್ಲ. ಪ್ರಸಿದ್ಧಿ ಪ್ರಮಾಣಕ್ಕಿಂತ ಬಲಿಷ್ಠವೆಂಬುದು ಇದರಿಂದ ಸಿದ್ಧ.

ಧೀರೋದ್ಧತನೆಂದರೆ ಝೋಡಿಯಾಕ್. 1968 ಮತ್ತು 69ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಐವರನ್ನು ಕೊಂದು, ಲೆಕ್ಕ 37 ಎಂದು ಪತ್ರಿಕೆಗಳಿಗೆ ಬರೆದುಕೊಂಡವನು. ಅವನು 1969ರಲ್ಲಿ ಕಳಿಸಿದ 340 ಅಕ್ಷರಗಳ ಗೂಢಲಿಪಿಯನ್ನು ಅಮೆರಿಕ, ಆಸ್ಟ್ರೇಲಿಯಾ, ಬೆಲ್ಜಿಯಂಗಳ ಮೂವರು ಹವ್ಯಾಸಿಗಳು 2020ರ ಡಿಸೆಂಬರಿನಲ್ಲಿ ಬಿಡಿಸಿದರು. 51 ವರ್ಷದ ನಿರೀಕ್ಷೆಯ ತರುವಾಯ ಹೊರಬಂದದ್ದು ಬರೀ ಜಂಬ, ಮೇಲೆ ಕಾಗುಣಿತದ ತಪ್ಪು. ಹೆಸರು ಇರಲಿಲ್ಲ.

ಧೀರಶಾಂತನಿಗೆ ಲಕ್ಷ್ಯ ಜೋಸೆಫ್ ಜೇಮ್ಸ್ ಡಿಏಂಜೆಲೊ. ಇವನು ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಸರಣಿ ಹಂತಕ. ಅಂಗಡಿಯಿಂದ ಒಂದು ಸುತ್ತಿಗೆ ಮತ್ತು ನಾಯಿ ಓಡಿಸುವ ಔಷಧಿ ಕದ್ದು 1979ರಲ್ಲಿ ಕೆಲಸ ಕಳೆದುಕೊಂಡ. ಯಾಕೆ ಕದ್ದನೆಂಬ ಪ್ರಶ್ನೆಗೆ ಉತ್ತರ ಸಿಕ್ಕಲು ಸುಮಾರು ನಾಲ್ಕು ದಶಕ ಬೇಕಾಯಿತು. 2018ರ ಏಪ್ರಿಲ್ 24ರಂದು ಸ್ಯಾಕ್ರಮೆಂಟೊ ಬಳಿ ಬಂಧಿಸಿದಾಗ ಅವನಿಗೆ 72 ವರ್ಷ. ಅವನನ್ನು ಹುಡುಕಿಕೊಟ್ಟದ್ದು ಕೇಳುಗರ ಊಹೆಯಲ್ಲ, ದೂರದ ನೆಂಟರ ಡಿಎನ್‌ಎಯಿಂದ ಕಟ್ಟಿದ ವಂಶವೃಕ್ಷ. ಗೋತ್ರಪ್ರವರ ಗೊತ್ತಿದ್ದರೆ ಯಾರನ್ನಾದರೂ ಪತ್ತೆ ಹಚ್ಚಬಹುದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಕ್ಯಾಲಿಫೋರ್ನಿಯಾ ತಡವಾಗಿಯಾದರೂ ಒಪ್ಪಿಕೊಂಡಿತು.

ನಾಮಕರಣದಲ್ಲಿ ದೇಶಭೇದವಿದೆ. ಅಮೆರಿಕದಲ್ಲಿ ಹಂತಕನಾದವನಿಗೆ ಮೂರು ಹೆಸರಿನ ಮರ್ಯಾದೆ: ಜಾನ್ ವೇಯ್ನ್ ಗೇಸಿ, ಜೋಸೆಫ್ ಜೇಮ್ಸ್ ಡಿಏಂಜೆಲೊ. ಕರ್ನಾಟಕದಲ್ಲಿ ಅವರವರ ಆಯುಧವೇ ಬಿರುದು: ಸಯನೈಡ್ ಮೋಹನ, ಸಯನೈಡ್ ಮಲ್ಲಿಕಾ.

ರಸ ಪ್ರಕರಣ

ಈ ಶ್ರವಣದಿಂದ ಹುಟ್ಟುವ ರಸ ಯಾವುದು? ಭಯಾನಕವೆಂದು ಕೆಲವರು, ಬೀಭತ್ಸವೆಂದು ಕೆಲವರು. ಭಯಾನಕವೇ ಸರಿ, ಸಾಮಗ್ರಿ ಪೂರ್ತಿ ಇದೆ. ಹಂತಕ ಆಲಂಬನ ವಿಭಾವ. ಹಿನ್ನೆಲೆಯಲ್ಲಿ ಒಂದೊಂದೇ ಮನೆ ಒತ್ತುವ ಪಿಯಾನೊ ಉದ್ದೀಪನ ವಿಭಾವ. ಅನುಭಾವಕ್ಕೆ ಪ್ರತ್ಯಕ್ಷ ನಿದರ್ಶನ ಕೊಡುತ್ತೇವೆ.

ಜನವರಿಯ ಸಂಜೆ, ಬಸವನಗುಡಿಯ ಒಂದು ಅಡುಗೆಮನೆ. ನೆನೆಸಿದ ಅವರೆಕಾಳನ್ನು ಹಿದುಕುತ್ತ ಗೃಹಿಣಿಯೊಬ್ಬರು ಕೂತಿದ್ದಾರೆ. ಬೆರಳ ತುದಿಯಿಂದ ಬೇಳೆ ಪುಳಕ್ಕನೆ ಜಾರಿ ಪಾತ್ರೆಗೆ, ಸಿಪ್ಪೆ ಪೇಪರಿನ ಮೇಲೆ. ಕಿವಿಯಲ್ಲಿ ಬಂಡಿ ಎರಡನೆಯ ಸಲ ಸೆರೆಯಿಂದ ತಪ್ಪಿಸಿಕೊಳ್ಳುತ್ತಿದ್ದಾನೆ. ಬೆರಳು ನಿಲ್ಲುತ್ತದೆ. ಆಕೆ ಎದ್ದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಹಿತ್ತಿಲ ಬಾಗಿಲಿನ ಚಿಲಕ ನೋಡಿ, ಭದ್ರವಾಗಿರುವುದನ್ನೇ ಇನ್ನೊಮ್ಮೆ ಭದ್ರ ಮಾಡಿ ಬಂದು ಕೂರುತ್ತಾರೆ. ಬಂಡಿಯನ್ನು ಫ್ಲಾರಿಡಾದಲ್ಲಿ 1989ರ ಜನವರಿ 24ರಂದೇ ವಿದ್ಯುತ್ ಕುರ್ಚಿಗೆ ಏರಿಸಿಯಾಗಿದೆಯೆಂಬುದು ಆಕೆಗೆ ತಿಳಿಯದ್ದಲ್ಲ. ತಿಳಿದೂ ಚಿಲಕ ನೋಡುವವಳೇ ಸಹೃದಯೆ.

ಅಭಿನವಗುಪ್ತ ರಸಕ್ಕೆ ಏಳು ವಿಘ್ನಗಳನ್ನು ಹೇಳಿದ. ಜಾಹೀರಾತು ಎಂಟನೆಯದೆಂದು ವಾದಿಸುವವರಿದ್ದಾರೆ. 'ಆ ರಾತ್ರಿ ಅವಳು ಕಿಟಕಿ ಮುಚ್ಚಿರಲಿಲ್ಲ' ಎಂದು ನಿರೂಪಕಿ ಉಸಿರು ಬಿಗಿಹಿಡಿದು, ಅದೇ ಉಸಿರಿನಲ್ಲಿ, ಅದೇ ಆಪ್ತ ದನಿಯಲ್ಲಿ ಹಾಸಿಗೆಯ ಗುಣಗಾನ ಮಾಡಿ ರಿಯಾಯಿತಿಯ ಕೋಡ್ ಕೊಡುತ್ತಾಳೆ, ರಸಭಂಗವಲ್ಲವೇ? ಅಲ್ಲ. ಹಾಸಿಗೆಯ ಹಿಂದೆಯೇ ಬಾಗಿಲಿಗೆ ಹಾಕುವ ಕ್ಯಾಮೆರಾದ ಜಾಹೀರಾತು ಬರುವುದನ್ನು ಗಮನಿಸಬೇಕು. ಸ್ಥಾಯಿಭಾವವಾದ ಭಯ ಪಕ್ವವಾಗಿ ಆರ್ಡರ್ ಆಗುವುದೇ ಇಲ್ಲಿನ ರಸನಿಷ್ಪತ್ತಿ.

ಸಾಧಾರಣೀಕರಣ ಪ್ರಕರಣ

ಪರರ ದುಃಖ ನಮಗೆ ಆಸ್ವಾದ್ಯವಾಗುವುದು ಹೇಗೆಂಬ ಹಳೆಯ ತೊಡಕನ್ನು ಭಟ್ಟನಾಯಕ ಸಾಧಾರಣೀಕರಣದಿಂದ ಬಿಡಿಸಿದ. ರಂಗದ ಮೇಲಿನ ಸೀತೆ ಜನಕನ ಮಗಳಾಗಿ ಉಳಿಯದೆ, ಬರೀ ಹೆಣ್ಣಾಗಿ ತೋರುತ್ತಾಳೆ. ಅದರಿಂದಲೇ ಆಸ್ವಾದ ಸಾಧ್ಯ. ನಮ್ಮ ಆಚಾರ್ಯರು ಈ ತತ್ತ್ವವನ್ನು ಅಕ್ಷರಶಃ ಪಾಲಿಸಿದ್ದಾರೆ, ಆದರೆ ಅರ್ಧಕ್ಕೆ ಮಾತ್ರ. ಹಂತಕನಿಗೆ ವಿಶೇಷ: ಅವನ ಬಾಲ್ಯ, ಅವನ ತಾಯಿ, ಅವನ ಶಾಲೆಯ ಅಂಕ, ಅವನ ಫೋಕ್ಸ್‌ವ್ಯಾಗನ್ ಕಾರಿನ ಬಣ್ಣ. ಸತ್ತವಳಿಗೆ ಸಾಧಾರಣ: 'ಸದಾ ನಗುಮೊಗ, ಎಲ್ಲರಿಗೂ ಅಚ್ಚುಮೆಚ್ಚು.' ಒಂದು ವಾಕ್ಯದ ಬದುಕು, ಅರ್ಧ ಗಂಟೆಯ ಸಾವು. ಎರಡನೆಯ ಕಂತಿನ ಹೊತ್ತಿಗೆ ಅವಳು 'ನಾಲ್ಕನೆಯವಳು'.

ಇಲ್ಲಿ ಸಿದ್ಧಾಂತಿಗೆ ಒಂದು ಸಂಕಟ ಎದುರಾಗುತ್ತದೆ. ಕಾವ್ಯದ ಸೀತೆಯನ್ನು ಕವಿ ಕಟ್ಟಿದ್ದು. ಅವಳನ್ನು ಸಾಧಾರಣಗೊಳಿಸುವ ಹಕ್ಕು ಕಾವ್ಯಕ್ಕಿದೆ. ಈ ಹೆಂಗಸರನ್ನು ಯಾವ ಕವಿಯೂ ಕಟ್ಟಿರಲಿಲ್ಲ; ಅವರಿಗೆ ಮನೆ ಬಾಡಿಗೆ ಇತ್ತು. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 1888ರಲ್ಲಿ ಐವರನ್ನು ಕೊಂದವನು ಯಾರೆಂದು ಇಂದಿಗೂ ಗೊತ್ತಿಲ್ಲ. ಆದರೂ ಜ್ಯಾಕ್ ದಿ ರಿಪ್ಪರ್ ಎಂದರೆ ಊರೂರೂ ಬಲ್ಲದು. ಆ ಐವರು ಯಾರೆಂದು ಗೊತ್ತಿತ್ತು, ಕೇಳಿದವರಿರಲಿಲ್ಲ. 2019ರಲ್ಲಿ ಇತಿಹಾಸಕಾರ್ತಿ ಹ್ಯಾಲಿ ರೂಬೆನ್‌ಹೋಲ್ಡ್ 'ದಿ ಫೈವ್' ಪುಸ್ತಕ ಬರೆದು, ಅವರಲ್ಲಿ ಮೂವರು ವೇಶ್ಯೆಯರೆನ್ನಲು ಆಧಾರವೇ ಇಲ್ಲವೆಂದು ವಾದಿಸಿದರು. ಮುದ್ರಣ ಯಂತ್ರ ನಡೆಸುವವನ ಹೆಂಡತಿಯಾಗಿದ್ದ ಮೇರಿ ಆ್ಯನ್ ನಿಕೋಲ್ಸ್. ಸಾರೋಟು ಓಡಿಸುವವನನ್ನು ಮದುವೆಯಾಗಿದ್ದ ಆ್ಯನಿ ಚಾಪ್ಮನ್. ಸ್ವೀಡನ್ನಿನಿಂದ ಬಂದು ಗಂಡನ ಜೊತೆ ಕಾಫಿ ಅಂಗಡಿ ಇಟ್ಟಿದ್ದ ಎಲಿಜಬೆತ್ ಸ್ಟ್ರೈಡ್. ಸಂಗಾತಿಯೊಡನೆ ಊರೂರು ಅಲೆದು ಲಾವಣಿಯ ಹಾಳೆ ಮಾರಿದ ಕ್ಯಾಥರೀನ್ ಎಡೋಸ್. ಐರ್ಲೆಂಡಿನ ಲಿಮರಿಕ್‌ನಲ್ಲಿ ಹುಟ್ಟಿದವಳೆಂದು ಹೇಳಿಕೊಳ್ಳುತ್ತಿದ್ದ ಮೇರಿ ಜೇನ್ ಕೆಲ್ಲಿ. ಬೆಳಗಿನ ಪಂಚಕನ್ಯಾ ಸ್ಮರಣೆ ತಪ್ಪಿಸದ ಶ್ರೋತೃಗಳಿಗೂ ಈ ಪಂಚಕ ಬಾಯಿಪಾಠವಿಲ್ಲ.

ನಮ್ಮ ನೆಲದ ಉದಾಹರಣೆ ಇನ್ನೂ ನಿಷ್ಠುರ. ದಕ್ಷಿಣ ಕನ್ನಡದ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದ ಮೋಹನ್ ಕುಮಾರ್, ವರದಕ್ಷಿಣೆ ಹೊಂದಿಸಲಾಗದೆ ಮದುವೆ ತಡವಾದ ಹೆಣ್ಣುಮಕ್ಕಳಿಗೆ ತಾನು ಅವರವರ ಜಾತಿಯವನೆಂದು ನಂಬಿಸಿ, ಮದುವೆಯ ಆಸೆ ತೋರಿಸಿ ಪರವೂರಿಗೆ ಕರೆದೊಯ್ಯುತ್ತಿದ್ದ. ಗರ್ಭ ನಿಲ್ಲದ ಮಾತ್ರೆಯೆಂದು ಸಯನೈಡ್ ಕೊಟ್ಟು, ಬಸ್ ನಿಲ್ದಾಣದ ಶೌಚಾಲಯಕ್ಕೆ ಕಳಿಸಿ, ಒಡವೆ ತೆಗೆದುಕೊಂಡು ನಡೆಯುತ್ತಿದ್ದ. ಬಾಗಿಲು ಒಡೆದು ಹೊರತೆಗೆದ ಹೆಣಕ್ಕೆ ಆ ಊರಿನಲ್ಲಿ ಗುರುತಿನವರಿಲ್ಲ. ಅಸಹಜ ಸಾವು, ಅಪರಿಚಿತ ಮಹಿಳೆ, ಫೈಲು ಬಂದ್. 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಾಗ ಅವಳ ಜನ ಬೀದಿಗಿಳಿದು ಹಟ ಹಿಡಿದ ಮೇಲೆಯೇ ಫೋನ್ ಕರೆಗಳ ಜಾಡು ಹಿಡಿದು ಪೊಲೀಸರು ಅವನನ್ನು ಮುಟ್ಟಿದ್ದು. ಪ್ರಕರಣಗಳು 20, ಒಂದೊಂದಕ್ಕೂ ಬೇರೆ ಬೇರೆ ವಿಚಾರಣೆ ನಡೆದು ಕೊನೆಯ ತೀರ್ಪು ಬಂದದ್ದು 2020ರಲ್ಲಿ. ಸಾಧಾರಣೀಕರಣವನ್ನು ನಂಬಿ ಕೆಲಸ ಮಾಡಿದವನು ಮೊದಲು ಹಂತಕನೇ. ಹೆಸರಿಲ್ಲದ ಹೆಣ್ಣನ್ನು ಯಾರೂ ಹುಡುಕುವುದಿಲ್ಲವೆಂಬುದು ಅವನ ಲೆಕ್ಕ. ಅವನ ಲೆಕ್ಕದ ಮುಂದುವರಿದ ಭಾಗವನ್ನು ಈಗ ಮೈಕಿನ ಮುಂದೆ ಬೇರೆಯವರು ಬರೆಯುತ್ತಿದ್ದಾರೆ.

ಪ್ರಾಯಶ್ಚಿತ್ತ ಪ್ರಕರಣ

ದೋಷವಿದ್ದಲ್ಲಿ ಪ್ರಾಯಶ್ಚಿತ್ತವೂ ವಿಹಿತ. ಹಂತಕನ ಮೂರು ಹೆಸರನ್ನು ಒಮ್ಮೆ ಉಚ್ಚರಿಸಿದವನು ಅವನಿಂದ ಸತ್ತವರಲ್ಲಿ ಮೂವರ ಹೆಸರು ಹೇಳತಕ್ಕದ್ದು. ತಿಳಿಯದಿದ್ದರೆ ಒಂದು ಸೀಸನ್ ಉಪವಾಸ. 'ಮೇಧಾವಿ' ಎಂದವನಿಗೆ ಎರಡು ಸೀಸನ್. ಸಾವಿನ ಮಧ್ಯೆ ಹಾಸಿಗೆ ಮಾರಿದವನು ಅದೇ ಹಾಸಿಗೆಯಲ್ಲಿ, ಸಾಧ್ಯವಾದರೆ, ಮಲಗತಕ್ಕದ್ದು. 2020ರ ಆಗಸ್ಟಿನಲ್ಲಿ ಡಿಏಂಜೆಲೊನಿಗೆ ಶಿಕ್ಷೆ ಓದುವ ಮೊದಲು, ಬದುಕುಳಿದವರೂ ಸತ್ತವರ ಮನೆಯವರೂ ಮೂರು ದಿನ ಕೋರ್ಟಿನಲ್ಲಿ ನಿಂತು ಮಾತಾಡಿದರು. ಆ ಮೂರು ದಿನ ಅವನು ಗಾಲಿಕುರ್ಚಿಯಲ್ಲಿ ಸುಮ್ಮನೆ ಕೂತು ಕೇಳಬೇಕಾಯಿತು. ಶ್ರವಣಭಕ್ತಿಯ ಯೋಗ್ಯ ವಿನಿಯೋಗ ಇದೊಂದೇ ಎಂದು ನಮ್ಮ ಅಭಿಮತ.

ಅಂತಿಮ ಪೂರ್ವಪಕ್ಷ: 'ಸತ್ತವಳ ಬದುಕನ್ನೇ ಹೇಳುತ್ತ ಕೂತರೆ ಕಥೆಯೆಲ್ಲಿ? ಅಲ್ಲಿ ಇರುವುದು ಬಾಡಿಗೆ, ಸಾಲ, ಗಂಡನ ಕುಡಿತ, ಮಗುವಿನ ಜ್ವರ, ನಾದಿನಿಯ ಮದುವೆ. ಇದನ್ನು ಯಾರು ಕೇಳುತ್ತಾರೆ?'

ಸಿದ್ಧಾಂತ: ಸಾಲ, ಜ್ವರ, ನಾದಿನಿಯ ಮದುವೆ ಇಷ್ಟರ ಮೇಲೆಯೇ ಸಾವಿರ ಕಂತಿನ ಧಾರಾವಾಹಿ ನಡೆಸಿ, ದಿನಾ ಸಂಜೆ ಊಟದ ತಟ್ಟೆ ಹಿಡಿದು ಅದರ ಮುಂದೆ ಕೂತ ನಾಡು ನಮ್ಮದು. ಕೇಳುವವರ ಕೊರತೆಯೆಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಅಂಥ ಧಾರಾವಾಹಿಯಲ್ಲಿ ಕೊಲೆಗಾರನಿಗೆ ಒಂದು ಕಂತು ಸಾಕು. ಅದನ್ನೂ ಹಾಸಿಗೆಯ ಜಾಹೀರಾತು ಮುಗಿದ ಮೇಲೆ ಹಾಕಬಹುದು.